ಕೇಸ್ ಎಂಟಕ್ಕೆ, ಕೆಲಸ ಏಳಕ್ಕೆ: ಓಟಿ ಟೆಕ್ನಾಲಜಿ ಓದಿದ ನನ್ನ ಅನುಭವ

ತಿಪಟೂರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಮಗಳನ್ನೋ ಮಗನನ್ನೋ ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ. ಪಿಯುಸಿ ಸೈನ್ಸ್ ಮುಗಿದಿರುತ್ತದೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಮಾರ್ಕ್ಸ್ ಬಂದಿರುವುದಿಲ್ಲ. "ನೀನು ಮಾಡಿದ್ಯಲ್ಲಮ್ಮ, ಆ ಆಪರೇಷನ್ ಕೋರ್ಸು, ಅದು ಹೆಂಗೆ?" ಅಂತ ಕೇಳುತ್ತಾರೆ. ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಹೇಳುವ ವಿಷಯ ಅಲ್ಲ ಇದು. ಅದಕ್ಕೇ ಬರೆಯಲು ಕೂತೆ.

ಮೊದಲು ಲೆಕ್ಕದ ಮಾತು. ನಾನು ಓದಿದ್ದು ಬಿಎಸ್ಸಿ ಅನಸ್ತೇಶಿಯಾ (ಅರಿವಳಿಕೆ) ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ. ಕಾಲೇಜು ಬೆಂಗಳೂರಿನದು, ಪರೀಕ್ಷೆ ಮತ್ತು ಪದವಿ ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. 3 ವರ್ಷ ಪಾಠ, ಆಮೇಲೆ 1 ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ನಾನು ಸೇರಿದಾಗ ನೀಟ್ ಬೇಕಿರಲಿಲ್ಲ. ಪ್ಯಾರಾ ಮೆಡಿಕಲ್ ಬೋರ್ಡ್‌ನ ಡಿಪ್ಲೊಮಾ ಅಂತ ಇನ್ನೊಂದು ದಾರಿಯೂ ಇದೆ. ಎಸ್ಸೆಸ್ಸೆಲ್ಸಿ ಆದವರೂ ಅದಕ್ಕೆ ಸೇರಬಹುದು. ನನ್ನ ಜೊತೆ ಕೆಲಸ ಮಾಡುವವರಲ್ಲಿ ಡಿಪ್ಲೊಮಾ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಕೈಚಳಕದಲ್ಲಿ ನನಗಿಂತ ಅವರೇ ಮುಂದು. ಆದರೆ ಮುಂದೆ ಓದಬೇಕು, ಪಾಠ ಹೇಳಬೇಕು, ಹೊರದೇಶಕ್ಕೆ ಹೋಗಬೇಕು ಅನ್ನುವವರು ಡಿಗ್ರಿಯನ್ನೇ ಮಾಡುವುದು ಒಳ್ಳೆಯದು.

ಮೊದಲ ವರ್ಷ ಥಿಯೇಟರ್ ಒಳಗೆ ಕಾಲಿಡಿಸುವುದೇ ಇಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಅವೆನ್ಯೂ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ತಂದು, ಹಿಂದಿನವರು ಪೆನ್ಸಿಲ್‌ನಲ್ಲಿ ಬರೆದ ಅರ್ಥ ನೋಡಿಕೊಂಡೇ ಪಾಸಾದೆ. ಬಯಾಲಜಿ ಚೆನ್ನಾಗಿದ್ದರೆ ಸಾಕು ಅಂದುಕೊಂಡು ಬರುವವರೇ ಜಾಸ್ತಿ. ನನ್ನ ಕೇಳಿದರೆ ಫಿಸಿಕ್ಸ್ ಇನ್ನೂ ಹೆಚ್ಚು ಬೇಕು. ಒತ್ತಡ, ಗ್ಯಾಸು, ದ್ರವ ಆವಿಯಾಗುವುದು, ಕರೆಂಟು ದೇಹದಲ್ಲಿ ಹೇಗೆ ಹರಿಯುತ್ತದೆ ಅನ್ನುವುದು, ದಿನಾ ಇದರ ಜೊತೆಗೇ ನಮ್ಮ ಬಾಳು.

ನಿಜವಾದ ಕಲಿಕೆ ಶುರುವಾದದ್ದು ಎರಡನೇ ವರ್ಷ, ಥಿಯೇಟರ್ ಪೋಸ್ಟಿಂಗ್ ಹಾಕಿದ ಮೇಲೆ. ಎಂಟಕ್ಕೆ ಮೊದಲ ಕೇಸ್ ಅಂದರೆ ನಾವು ಏಳಕ್ಕೆ ಅಲ್ಲಿರಬೇಕು. ವಿಜಯನಗರದ ಪಿಜಿಯಲ್ಲಿ ತಿಂಡಿ ರೆಡಿಯಾಗುವ ಮೊದಲೇ ಹೊರಟಿರುತ್ತಿದ್ದೆ. ಆ ಒಂದು ಗಂಟೆ ಯಾಕೆ ಅಂತ ಶುರುವಿನಲ್ಲಿ ಅರ್ಥವಾಗಿರಲಿಲ್ಲ. ಈಗ ನನ್ನ ಜೂನಿಯರ್‌ಗಳಿಗೆ ಅದೊಂದನ್ನೇ ಹೇಳುತ್ತೇನೆ: ನಮ್ಮ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ರೋಗಿ ಒಳಗೆ ಬರುವ ಮೊದಲೇ ಮುಗಿದಿರಬೇಕು.

ಮೆಷಿನ್ ಚೆಕ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅನಸ್ತೇಶಿಯಾ ಮೆಷಿನ್ನನ್ನು ನಮ್ಮ ಕಡೆ ಈಗಲೂ ಬಾಯ್ಲ್ಸ್ ಅಂತಲೇ ಕರೆಯುತ್ತಾರೆ. ಇಂಗ್ಲೆಂಡಿನ ಹೆನ್ರಿ ಬಾಯ್ಲ್ ಅನ್ನುವ ಅನಸ್ತೇಶಿಯಾ ಡಾಕ್ಟರ್ 1917ರಲ್ಲಿ ರೂಪಿಸಿದ ಮೆಷಿನ್ನಿನ ಹೆಸರು ಅದು. ಈಗಿನದು ಪರದೆ, ವೆಂಟಿಲೇಟರ್ ಎಲ್ಲ ಇರುವ ವರ್ಕ್‌ಸ್ಟೇಷನ್. ಹೆಸರು ಮಾತ್ರ ಹೋಗಿಲ್ಲ. ಬೆಳಗ್ಗೆ ಬಂದ ತಕ್ಷಣ ನಾನು ಮೊದಲು ನೋಡುವುದು ಮೆಷಿನ್ನನ್ನಲ್ಲ, ಪಕ್ಕದಲ್ಲಿ ಅಂಬು ಬ್ಯಾಗ್ ಇದೆಯಾ ಅಂತ. ಮೆಷಿನ್ ಪೂರ್ತಿ ಕೈಕೊಟ್ಟರೂ ಕೈಯಲ್ಲಿ ಒತ್ತಿ ಉಸಿರು ಕೊಡಲು ಅದೊಂದು ಸಾಕು. ಆಮೇಲೆ ಪೈಪ್‌ಲೈನ್ ಆಕ್ಸಿಜನ್, ಅದಕ್ಕೆ ಬದಲಿಯಾಗಿ ಹಿಂದೆ ಕೂರಿಸಿದ ಸಿಲಿಂಡರ್. ನಮ್ಮಲ್ಲಿ ಆಕ್ಸಿಜನ್ ಸಿಲಿಂಡರ್‌ಗೆ ಕಪ್ಪು ಮೈ, ಬಿಳಿ ಹೆಗಲು. ಅರಿವಳಿಕೆಗೆ ಬಳಸುವ ಗ್ಯಾಸಾದ ನೈಟ್ರಸ್ ಆಕ್ಸೈಡ್ ಪೂರ್ತಿ ನೀಲಿ. ಬಣ್ಣ ನೋಡಿ ಮೋಸ ಹೋದರೂ ತಪ್ಪು ಸಿಲಿಂಡರ್ ಕೂರಬಾರದು ಅಂತ ಪಿನ್ ಇಂಡೆಕ್ಸ್ ಇಟ್ಟಿದ್ದಾರೆ. ಸಿಲಿಂಡರ್ ಬಾಯಲ್ಲಿ ತೂತು, ಮೆಷಿನ್ನಿನಲ್ಲಿ ಪಿನ್ನು. ಆಕ್ಸಿಜನ್‌ಗೆ 2 ಮತ್ತು 5ನೇ ಜಾಗ, ನೈಟ್ರಸ್‌ಗೆ 3 ಮತ್ತು 5. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಇದನ್ನು ಕೇಳದ ಎಕ್ಸಾಮಿನರ್ ಇನ್ನೂ ಹುಟ್ಟಿಲ್ಲ.

ಗೇಜ್ ಓದುವುದರಲ್ಲೂ ಒಂದು ಮರ್ಮ ಇದೆ. ಆಕ್ಸಿಜನ್ ಸಿಲಿಂಡರ್ ತುಂಬಿದ್ದರೆ ಸುಮಾರು 2000 ಪಿಎಸ್‌ಐ (ಒತ್ತಡ ಅಳೆಯುವ ಮಾನ) ತೋರಿಸುತ್ತದೆ. 1000ಕ್ಕೆ ಬಂದರೆ ಅರ್ಧ ಉಳಿದಿದೆ ಅಂತ ನಂಬಬಹುದು. ನೈಟ್ರಸ್ ಹಾಗಲ್ಲ. ಅದು ಒಳಗೆ ದ್ರವವಾಗಿ ಇರುತ್ತದೆ, ನಮ್ಮ ಮನೆಯ ಅಡುಗೆ ಗ್ಯಾಸಿನ ಥರ. ಸುಮಾರು 750 ಅಂತ ತೋರಿಸುತ್ತಿದ್ದರೆ ತುಂಬಿದೆ ಅಂತಲೂ ಇರಬಹುದು, ಮುಗಿಯುತ್ತಾ ಬಂದಿದೆ ಅಂತಲೂ ಇರಬಹುದು. ದ್ರವ ಖಾಲಿಯಾದ ಮೇಲೆ ಮುಳ್ಳು ಸರಸರ ಇಳಿಯುತ್ತದೆ. ಎಷ್ಟಿದೆ ಅಂತ ಗೊತ್ತಾಗಬೇಕಾದರೆ ತೂಕ ಹಾಕಬೇಕು.

ಸೋಡಾ ಲೈಮ್ ಇನ್ನೊಂದು. ರೋಗಿ ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುವ ಕಾಳುಗಳು ಅವು. ಶಕ್ತಿ ಮುಗಿದಾಗ ಬಣ್ಣ ಬದಲಾಗುತ್ತದೆ. ಕೆಲವು ಕಂಪನಿಯದು ಬಿಳಿಯಿಂದ ನೇರಳೆಗೆ, ಕೆಲವದು ಗುಲಾಬಿಯಿಂದ ಬಿಳಿಗೆ. ಯಾವ ಡಬ್ಬಿ ತೆರೆದಿದ್ದೀವಿ ಅಂತ ಗೊತ್ತಿಲ್ಲದಿದ್ದರೆ ಕಥೆ ಉಲ್ಟಾ ಆಗುತ್ತದೆ. ಇದಕ್ಕಿಂತ ಕಿತಾಪತಿ ಎಂದರೆ, ಮುಗಿದ ಸೋಡಾ ಲೈಮ್ ಸುಮ್ನೆ ಬಿಟ್ಟರೆ ಬಣ್ಣ ಮತ್ತೆ ಮೊದಲಿನಂತಾಗಿ ಕಾಣುತ್ತದೆ. ಶನಿವಾರ ಸತ್ತದ್ದು ಸೋಮವಾರ ಬೆಳಗ್ಗೆ ಹೊಸದರಂತೆ ಕೂತಿರುತ್ತದೆ. ಅದಕ್ಕೇ ಬದಲಾಯಿಸಿದ ದಿನವನ್ನು ಪ್ಲಾಸ್ಟರ್ ಮೇಲೆ ಬರೆದು ಅಂಟಿಸಬೇಕು ಅಂತ ನಮ್ಮ ಸೀನಿಯರ್ ಅಣ್ಣ ಒಬ್ಬರು ಹಟ ಹಿಡಿಯುತ್ತಿದ್ದರು. ಆಗ ಬೈದುಕೊಂಡೇ ಬರೆಯುತ್ತಿದ್ದೆ. ಈಗ ನಾನೂ ಅದೇ ಹಟ ಹಿಡಿಯುತ್ತೇನೆ.

ಇದಾದ ಮೇಲೆ ಟ್ರಾಲಿ. ಉಸಿರಾಟಕ್ಕೆ ಶ್ವಾಸನಾಳದೊಳಗೆ ಟ್ಯೂಬ್ ಹಾಕುವ ಕೇಸಾದರೆ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಎರಡು ಬ್ಲೇಡು, ಎರಡರ ಬಲ್ಬೂ ಉರಿಯಬೇಕು. ಅಂದಾಜಿನ ಸೈಜಿನ ಟ್ಯೂಬು, ಅದಕ್ಕಿಂತ ಅರ್ಧ ಸೈಜ್ ಚಿಕ್ಕದು, ಅರ್ಧ ದೊಡ್ಡದು. ಸಾಮಾನ್ಯವಾಗಿ ಹೆಂಗಸರಿಗೆ 7 ಅಥವಾ 7.5, ಗಂಡಸರಿಗೆ 8 ಅಥವಾ 8.5. ಮಕ್ಕಳಿಗೆ ವಯಸ್ಸನ್ನು 4ರಿಂದ ಭಾಗಿಸಿ 4 ಕೂಡಿಸುವ ಲೆಕ್ಕ, ಅದು ಕಫ್ (ಟ್ಯೂಬಿನ ತುದಿಯ ಹತ್ತಿರ ಸುತ್ತ ಇರುವ ಪುಟ್ಟ ಬಲೂನು) ಇಲ್ಲದ ಟ್ಯೂಬಿಗೆ. ಕಫ್‌ಗೆ ಗಾಳಿ ತುಂಬಿ ಸೋರುತ್ತಾ ಅಂತ ನೋಡಬೇಕು. ಟ್ಯೂಬ್ ಬಗ್ಗಿಸಿ ಹಿಡಿಯುವ ಸ್ಟೈಲೆಟ್ ಕಡ್ಡಿ, ದಾರಿ ತೋರಿಸುವ ಬೂಜಿ ಕಡ್ಡಿ, ನಾಲಿಗೆ ಹಿಂದೆ ಬೀಳದಂತೆ ಇಡುವ ಏರ್‌ವೇ, ಕತ್ತರಿಸಿಟ್ಟ ಪ್ಲಾಸ್ಟರ್. ಬಾಯಿಯ ಜೊಲ್ಲು ಎಳೆಯುವ ಸಕ್ಷನ್ ಪೈಪು ಆನ್ ಮಾಡಿ ದಿಂಬಿನ ಕೆಳಗೆ. ಅನಸ್ತೇಶಿಯಾ ಡಾಕ್ಟರ್ ಮೇಡಂ ಲ್ಯಾರಿಂಗೋಸ್ಕೋಪ್ ಹಾಕಿ ಗಂಟಲೊಳಗೆ ನೋಡುತ್ತಿರುವಾಗ ಅವರ ಕಣ್ಣು ಅಲ್ಲಿಂದ ಕದಲಬಾರದು. ಬಲಗೈ ಚಾಚಿದರೆ ಟ್ಯೂಬ್ ಸರಿಯಾದ ದಿಕ್ಕಿನಲ್ಲಿ ಕೈಗೆ ಬರಬೇಕು. ಇದನ್ನು ಖಾಲಿ ಥಿಯೇಟರ್‌ನಲ್ಲಿ ಡಮ್ಮಿ ಇಟ್ಟುಕೊಂಡು ಗೆಳತಿಯ ಜೊತೆ ಎಷ್ಟು ಸಲ ಮಾಡಿದ್ದೇವೋ ಲೆಕ್ಕ ಇಲ್ಲ. ಟ್ಯೂಬ್ ಒಳಗೆ ಹೋಯಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಮಾನಿಟರ್‌ನಲ್ಲಿ ಕಾರ್ಬನ್ ಡೈಆಕ್ಸೈಡಿನ ಅಲೆ ಒಂದರ ಹಿಂದೆ ಒಂದು ಬರುತ್ತಿದ್ದರೆ ಟ್ಯೂಬ್ ಶ್ವಾಸನಾಳದಲ್ಲಿದೆ. ಬರದಿದ್ದರೆ ಅನ್ನನಾಳಕ್ಕೆ ಹೋಗಿದೆ ಅಂತಲೇ ತಿಳಿಯಬೇಕು.

ಕಿವಿಯೂ ಕಲಿಯುತ್ತದೆ. ಪಲ್ಸ್ ಆಕ್ಸಿಮೀಟರ್ ಬೀಪ್ ಅನ್ನುತ್ತದಲ್ಲ, ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗುತ್ತಾ ಹೋದ ಹಾಗೆ ಆ ಸ್ವರವೂ ಇಳಿಯುತ್ತದೆ. ಪರದೆ ಕಡೆ ಬೆನ್ನು ಹಾಕಿ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದರೂ ಗೊತ್ತಾಗಿಬಿಡುತ್ತದೆ. ಥಿಯೇಟರ್‌ನಲ್ಲಿ ಹಾಡು ಜೋರಾಗಿ ಹಾಕುವ ಸರ್ಜನ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ರೋಗಿಗಳ ಜೊತೆ ಮಾತಾಡುವುದನ್ನು ಸಿಲಬಸ್ಸಿನಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದರು. ಕೆಲಸದಲ್ಲಿ ಅದೇ ದೊಡ್ಡದು. ಆಪರೇಷನ್‌ಗೆ 6 ಗಂಟೆ ಮೊದಲಿನಿಂದ ಗಟ್ಟಿ ಆಹಾರ ಇರಬಾರದು, ಬರೀ ನೀರಾದರೆ 2 ಗಂಟೆ. "ಏನಾದ್ರೂ ತಿಂದ್ರಾ?" ಅಂದರೆ "ಇಲ್ಲಮ್ಮ, ಏನೂ ಮುಟ್ಟಿಲ್ಲ" ಅನ್ನುತ್ತಾರೆ. ಸುಳ್ಳಲ್ಲ, ಅವರ ಪ್ರಕಾರ ನಿಜವೇ. "ಕಾಫಿ?" ಅಂದರೆ "ಅದೊಂದು ಅರ್ಧ ಲೋಟ ಕುಡಿದೆ." ಹಾಲು ಹಾಕಿದ ಕಾಫಿ ನಮಗೆ ಆಹಾರದ ಲೆಕ್ಕ. ಹಾಗಾಗಿ ನಾನು ಕಾಫಿ, ಬಿಸ್ಕತ್ತು, ಎಲೆ ಅಡಿಕೆ ಅಂತ ಒಂದೊಂದಾಗಿ ಕೇಳುತ್ತೇನೆ. ಕಟ್ಟಿಸಿದ ಹಲ್ಲು, ಅಲ್ಲಾಡುವ ಹಲ್ಲು, ಉಗುರಿನ ಬಣ್ಣ, ಕಾಲುಂಗುರ ಎಲ್ಲ ನೋಡಬೇಕು. ತಾಳಿ ತೆಗೆಯಿರಿ ಅಂದರೆ ಕೆಲವು ಅಮ್ಮಂದಿರು ಅತ್ತೇಬಿಡುತ್ತಾರೆ. ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಿ, ಬಂಗಾರದ್ದು ಯಜಮಾನ್ರ ಕೈಗೆ ಕೊಡಿ ಅಂದರೆ ಒಪ್ಪುತ್ತಾರೆ.

ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್, ಕೊಡುವಾಗ ರೋಗಿಯನ್ನು ಹಿಡಿದು ಕೂರಿಸುವುದು ನಮ್ಮ ಕೆಲಸ. ಬೆನ್ನು ಗೂನಾಗಬೇಕು, ಗಲ್ಲ ಎದೆಗೆ ತಾಗಬೇಕು, ಭುಜ ಸಡಿಲ ಇರಬೇಕು. ಬೆಂಗಳೂರಿನ ಥಿಯೇಟರ್‌ನಲ್ಲಿ ಡಾಕ್ಟರ್ ಇಂಗ್ಲಿಷ್, ಸಿಸ್ಟರ್ ಮಲಯಾಳಂ, ಅಟೆಂಡರ್ ಹಿಂದಿ ಮಾತಾಡುತ್ತಿರುವಾಗ ಮಾಗಡಿಯಿಂದ ಬಂದ ಅಜ್ಜಿಗೆ ಯಾರು ಹೇಳಬೇಕು? ನಾನು ಎದುರಿಗೆ ನಿಂತು, ಅವರ ಹಣೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು, "ಅಜ್ಜಿ, ಈಗ ಬೆನ್ನಿಗೆ ತಣ್ಣಗೆ ಔಷಧಿ ಹಚ್ತಾರೆ, ಆಮೇಲೆ ಇರುವೆ ಕಚ್ಚಿದ ಹಾಗಾಗತ್ತೆ, ಕಾಲು ಬಿಸಿಯಾಗಿ ಭಾರ ಆಗತ್ತೆ, ಹೆದರ್ಬೇಡಿ" ಅಂತ ಮುಂಚೆಯೇ ಹೇಳಿಬಿಡುತ್ತೇನೆ. ಹೇಳದೆ ಚುಚ್ಚಿದರೆ ಬೆಚ್ಚಿ ಬೀಳುತ್ತಾರೆ, ಸೂಜಿ ಜಾಗ ತಪ್ಪುತ್ತದೆ. ಸಿಸೇರಿಯನ್ ಆದರೆ ಸ್ಪೈನಲ್ ಕೊಟ್ಟು ಮಲಗಿಸಿದ ಕೂಡಲೇ ಬಲ ಸೊಂಟದ ಕೆಳಗೆ ಒಂದು ದಿಂಬು. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದರೆ ತಾಯಿಯ ಬಿಪಿ ಕುಸಿಯುತ್ತದೆ. ಹಾಗೇ ಕಾಲು ಎತ್ತಿ ಕಟ್ಟಿದ ಕೇಸುಗಳಲ್ಲಿ ಎರಡೂ ಕಾಲನ್ನು ಒಟ್ಟಿಗೇ, ನಿಧಾನವಾಗಿ ಇಳಿಸಬೇಕು. ಕೈಯನ್ನು 90 ಡಿಗ್ರಿಗಿಂತ ಅಗಲಿಸಬಾರದು, ನರಕ್ಕೆ ಏಟು. ಪುಸ್ತಕದಲ್ಲಿ ಒಂದು ಸಾಲಿನ ವಿಷಯಗಳು ಇವು. ಎಚ್ಚರ ಇಲ್ಲದ ದೇಹ ನೋವು ಅಂತ ಹೇಳುವುದಿಲ್ಲ. ಅದಕ್ಕೆ ಬದಲಾಗಿ ನಾವೇ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಸರ್ಜಿಕಲ್ ಸೇಫ್ಟಿ ಚೆಕ್‌ಲಿಸ್ಟ್ 2008ರಲ್ಲಿ ಬಂತು. 19 ಅಂಶ, ಮೂರು ಹಂತ: ಮಂಪರು ಕೊಡುವ ಮೊದಲು, ಚರ್ಮ ಕುಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು. ಕಾಗದದಲ್ಲಿ ಟಿಕ್ ಹಾಕುವುದು ಸುಲಭ. ಬಾಯಿ ಬಿಟ್ಟು ಹೇಳುವುದು ಕಷ್ಟ. ಸ್ಟೂಡೆಂಟ್ ಆಗಿದ್ದಾಗ ಒಂದು ಸಲ ಮಾಪ್ (ಆಪರೇಷನ್‌ನಲ್ಲಿ ರಕ್ತ ಒರೆಸುವ ಬಟ್ಟೆ) ಕೌಂಟ್‌ನಲ್ಲಿ ಒಂದು ಕಡಿಮೆ ಬಂತು. ಹೊಲಿಗೆ ಶುರುಮಾಡಲು ಸರ್ಜನ್ ಸರ್ ಸೂಜಿ ಕೇಳುತ್ತಿದ್ದರು. ಸಿಸ್ಟರ್ ಒಬ್ಬರು ಜಾಗ ಬಿಟ್ಟು ಕದಲದೆ "ಸರ್, ಕೌಂಟ್ ಸರಿ ಇಲ್ಲ, ಸೂಜಿ ಕೊಡಲ್ಲ" ಅಂದರು. ಅಷ್ಟೇ. ಸರ್ ಗೊಣಗುತ್ತಾ ಹುಡುಕಿದರು. ಮಾಪ್ ಬಕೆಟ್ಟಿನಲ್ಲಿ ಇನ್ನೊಂದಕ್ಕೆ ಅಂಟಿಕೊಂಡಿತ್ತು. ಆ ಧ್ವನಿ ನನಗೆ ಬರಲು ವರ್ಷಗಳೇ ಬೇಕಾದವು.

ಸ್ಟೆರಿಲೈಸೇಶನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒತ್ತಡದ ಹಬೆಯ ಆಟೋಕ್ಲೇವ್ 121 ಡಿಗ್ರಿ, 134 ಡಿಗ್ರಿ ಅಂತ ಬಾಯಿಪಾಠ ಮಾಡುತ್ತೀರಿ. ಬಿಸಿ ತಾಳದ ಸಾಮಾನಿಗೆ ಇಟಿಒ, ಅಂದರೆ ಎಥಿಲೀನ್ ಆಕ್ಸೈಡ್ ಗ್ಯಾಸು. ಕಸಕ್ಕೆ ಹಳದಿ, ಕೆಂಪು, ನೀಲಿ, ಬಿಳಿ ಡಬ್ಬ. ಇವು ಕೈಗೆ ತಾನಾಗಿ ಕೂರುತ್ತವೆ.

ಯಾರೂ ಮುಂಚೆ ಹೇಳದ ಕೆಲವು ಮಾತು. ಕ್ಲಿನಿಕಲ್ ಪೋಸ್ಟಿಂಗ್‌ಗೆ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿ. ಮೂರು ಡೋಸು ಮುಗಿಯಲು 6 ತಿಂಗಳು ಬೇಕು. ಬಳಸಿದ ಸೂಜಿಗೆ ಎರಡು ಕೈಯಲ್ಲಿ ಮುಚ್ಚಳ ಹಾಕಬೇಡಿ. ಮೂಳೆ ಆಪರೇಷನ್ನಿನ ಆರ್ಥೋ ಥಿಯೇಟರ್‌ನಲ್ಲಿ ಸಿ-ಆರ್ಮ್ ಎಕ್ಸ್‌ರೇ ಮೆಷಿನ್ ಇದ್ದರೆ ಲೆಡ್ ಏಪ್ರನ್ ಭಾರ ಅಂತ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ನಿಲ್ಲಬೇಡಿ. ಮೊದಲ ವಾರ ತಲೆ ಸುತ್ತಿ ಕೂರುವವರಲ್ಲಿ ಹೆಚ್ಚಿನವರು ರಕ್ತ ನೋಡಿ ಹೆದರಿದವರಲ್ಲ, ತಿಂಡಿ ಬಿಟ್ಟು ಬಂದವರು.

ಕೆಲಸ ಬೆಂಗಳೂರಿನಲ್ಲಿ ಸಿಗುತ್ತದೆ. ಶುರುವಿನ ಸಂಬಳ ಮಾತ್ರ ಪಿಜಿ ಬಾಡಿಗೆ ಕಳೆದರೆ ಅಷ್ಟಕ್ಕಷ್ಟೆ. ಅಲೈಡ್ ಹೆಲ್ತ್ ವೃತ್ತಿಗಳಿಗೆ (ನಮ್ಮಂಥ ಟೆಕ್ನಾಲಜಿಸ್ಟ್‌ಗಳಿಗೆ) ಅಂತ ಕೇಂದ್ರ ಸರ್ಕಾರ 2021ರಲ್ಲಿ ಒಂದು ಕಾಯ್ದೆ ತಂದಿತು. ನಮ್ಮ ವೃತ್ತಿಯೂ ಅದರ ಪಟ್ಟಿಯಲ್ಲಿದೆ. ಅನಸ್ತೇಶಿಯಾ ಕೊಡುವುದು ಡಾಕ್ಟರ್ ಕೆಲಸ, ನಾವು ಜೊತೆಗಿರುವವರು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಇಂಟರ್ನ್‌ಶಿಪ್ ಮುಗಿಸಿ ಕೆಲಸ ಹುಡುಕುವಾಗ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ "ಡಾಕ್ಟರ್ ಬರೋದು ತಡ ಆದ್ರೆ ಸಣ್ಣ ಕೇಸು ನೀವೇ ನೋಡ್ಕೋತೀರಾ ಅಲ್ವಾ?" ಅಂತ ಕೇಳಿದ್ದರು. ಸಂಬಳ ಜಾಸ್ತಿ ಹೇಳಿದರು. ನಾನು ಹೋಗಲಿಲ್ಲ. ನೀವು ಇಂಟರ್‌ವ್ಯೂಗೆ ಹೋದಾಗ ಸಂಬಳಕ್ಕಿಂತ ಮೊದಲು ಒಂದನ್ನು ಕೇಳಿ: ರಾತ್ರಿ ಎಮರ್ಜೆನ್ಸಿ ಬಂದರೆ ಅನಸ್ತೇಶಿಯಾ ಡಾಕ್ಟರ್ ಎಲ್ಲಿಂದ ಬರುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಉತ್ತರ ನೇರವಾಗಿ ಬರದಿದ್ದರೆ ಫೈಲ್ ಎತ್ತಿಕೊಂಡು ಬನ್ನಿ.