ರೂಮು ತಣ್ಣಗಿದ್ದರೂ ಮೈ ಅಂಟುತ್ತಿದೆಯಾ? ಮಂಗಳೂರಿಗೆ ಹೊಸದಾಗಿ ಬಂದವರಿಗೆ ಎಸಿ ಬಗ್ಗೆ ಒಂದಿಷ್ಟು

ಘಟ್ಟದ ಮೇಲಿಂದ ಬಂದು ಮಂಗಳೂರಿನಲ್ಲಿ ಮನೆ ಮಾಡಿದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಮಕ್ಕಳ ಶಾಲೆ, ಗ್ಯಾಸ್ ಕನೆಕ್ಷನ್ ಬಗ್ಗೆ. ಏಪ್ರಿಲ್ ಬಂತೆಂದರೆ ಪ್ರಶ್ನೆ ಬದಲಾಗುತ್ತದೆ. ಎಸಿ ಹಾಕಿಸಿದ್ದೇವೆ, ರೂಮು ಬೇಗ ತಣ್ಣಗಾಗುತ್ತದೆ, ಆದರೂ ಮೈಯೆಲ್ಲ ಅಂಟಂಟು, ಹಾಸಿಗೆ ಹಸಿಹಸಿ, ಇನ್ನೂ ದೊಡ್ಡ ಎಸಿ ತರಬೇಕಾ ಅಂತ. ತರಬೇಡಿ. ಬಹುಶಃ ಈಗಿರುವುದೇ ನಿಮ್ಮ ರೂಮಿಗೆ ದೊಡ್ಡದಾಗಿದೆ.

ಕಲಬುರಗಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದರೂ ಗಾಳಿ ಒಣಗಿರುತ್ತದೆ, ಬೆವರು ಆರುತ್ತದೆ. ಇಲ್ಲಿ 33 ಡಿಗ್ರಿಗೇ ಒದ್ದಾಟ, ಯಾಕೆಂದರೆ ಗಾಳಿಯಲ್ಲಿ ನೀರು ತುಂಬಿಕೊಂಡಿದೆ, ಬೆವರಿಗೆ ಆರಲು ಜಾಗವೇ ಇಲ್ಲ. ಇದನ್ನೇ ಇಲ್ಲಿಯವರು ಸೆಕೆ ಅನ್ನುವುದು. ಹಾಗಾಗಿ ಕರಾವಳಿಯ ಎಸಿಗೆ ಎರಡು ಕೆಲಸ. ಬಿಸಿ ಇಳಿಸಬೇಕು, ಗಾಳಿಯಿಂದ ನೀರನ್ನೂ ಹಿಂಡಬೇಕು. ಮೊದಲನೆಯದು ಬೇಗ ಆಗುತ್ತದೆ. ಎರಡನೆಯದಕ್ಕೆ ಸಮಯ ಬೇಕು.

ಫ್ರಿಜ್‌ನಿಂದ ತೆಗೆದಿಟ್ಟ ಚೊಂಬಿನ ಮೇಲೆ ನೀರು ಕಟ್ಟುವುದನ್ನು ನೋಡಿದ್ದೀರಲ್ಲ, ಎಸಿಯ ಒಳಗಿನ ಕಾಯಿಲ್ ಮೇಲೂ ಹಾಗೇ ಹನಿ ಕಟ್ಟಬೇಕು, ಅದು ಟ್ರೇಗೆ ಇಳಿಯಬೇಕು, ಆಮೇಲೆ ಪೈಪಿನಲ್ಲಿ ಹೊರಗೆ ಹೋಗಬೇಕು. ಎಸಿ ಅಗತ್ಯಕ್ಕಿಂತ ದೊಡ್ಡದಾದರೆ ನಾಲ್ಕೈದು ನಿಮಿಷಕ್ಕೇ ರೂಮು ಹೇಳಿದ ಡಿಗ್ರಿಗೆ ಬಂದುಬಿಡುತ್ತದೆ, ಹೊರಗಿನ ಯೂನಿಟ್‌ನಲ್ಲಿರುವ ಕಂಪ್ರೆಸರ್ ನಿಂತುಬಿಡುತ್ತದೆ, ಆದರೆ ಒಳಗಿನ ಫ್ಯಾನ್ ತಿರುಗುತ್ತಲೇ ಇರುತ್ತದೆ. ಕಾಯಿಲ್ ಮೇಲೆ ಕಟ್ಟಿದ ನೀರು ಹೊರಗೆ ಹೋಗುವ ಬದಲು ಆವಿಯಾಗಿ ರೂಮಿಗೇ ವಾಪಸ್. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ಬಂದ್, ರಾತ್ರಿಯಿಡೀ ಹೀಗೇ. ಮೆಕ್ಯಾನಿಕ್‌ಗಳು ಇದನ್ನು ಶಾರ್ಟ್ ಸೈಕ್ಲಿಂಗ್ ಅನ್ನುತ್ತಾರೆ. ಪದೇಪದೇ ಚಾಲೂ ಆದಷ್ಟೂ ಯಂತ್ರ ಬೇಗ ಸವೆಯುತ್ತದೆ.

ನಮ್ಮ ಮನೆಯ ಮಲಗುವ ಕೋಣೆ 110 ಚದರ ಅಡಿ. ಅಂಗಡಿಯವರು ಮಂಗಳೂರು ಸೆಕೆಗೆ ಇದೇ ಸರಿ ಅಂತ 2 ಟನ್ ಕೊಟ್ಟರು, ನಾವೂ ನಂಬಿದೆವು. ಜುಲೈ ಹೊತ್ತಿಗೆ ಬೀರು ಹಿಂದಿನ ಗೋಡೆಗೆ ಬೂಷ್ಟು, ಅಮ್ಮನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಕಲೆ. ಅಂಟು ಅನ್ನಿಸಿದಾಗೆಲ್ಲ ನಾವು ಮಾಡುತ್ತಿದ್ದುದು ಒಂದೇ, 20ಕ್ಕೆ ಇಳಿಸಿ ರಗ್ಗು ಹೊದ್ದು ಮಲಗುವುದು. ಅದರಿಂದ ಗೋಡೆ ಇನ್ನೂ ತಣ್ಣಗಾಗಿ ಬೂಷ್ಟು ಜಾಸ್ತಿಯೇ ಆಯಿತು.

ನಿಮ್ಮ ಮನೆಯಲ್ಲೂ ಹೀಗೇ ಇದೆಯಾ ಅಂತ ತಿಳಿಯುವುದು ಸುಲಭ. ರಾತ್ರಿ ಹತ್ತರ ಮೇಲೆ ಬಾಲ್ಕನಿಯಲ್ಲಿ ಕುಳಿತು ಹೊರಗಿನ ಯೂನಿಟ್ ಸದ್ದು ಕೇಳಿ, ಶುರುವಾದದ್ದು, ನಿಂತದ್ದು ಎರಡನ್ನೂ ಮೊಬೈಲ್ ನೋಡಿ ಬರೆದುಕೊಳ್ಳಿ. ಒಂದು ಸಲ ಹಿಡಿದರೆ 15–20 ನಿಮಿಷ ಓಡಬೇಕು. ಐದು ನಿಮಿಷಕ್ಕೇ ನಿಲ್ಲುತ್ತಿದ್ದರೆ ಅದೇ ತೊಂದರೆ. ಜೊತೆಗೆ ನೀರಿನ ಪೈಪಿನ ಕೆಳಗೆ ಒಂದು ಗಂಟೆ ಬಕೆಟ್ ಇಟ್ಟು ಎಷ್ಟು ಬಂತು ಅಂತ ಗುರುತು ಹಾಕಿ, ಮುಂದೆ ಹೇಳುವ ಬದಲಾವಣೆ ಮಾಡಿದ ಮೇಲೆ ಹೋಲಿಸಲು ಬೇಕಾಗುತ್ತದೆ.

ಎಸಿ ದೊಡ್ಡದು ಅಂತ ತೀರ್ಮಾನಿಸುವ ಮೊದಲು ಫಿಲ್ಟರ್ ತೊಳೆಯಿರಿ. ಕೊಳೆ ಫಿಲ್ಟರ್, ಕಡಿಮೆಯಾದ ಗ್ಯಾಸ್, ಇವುಗಳಿಂದಲೂ ಹೀಗೆ ಆಗುತ್ತದೆ. ಇನ್ನೊಂದು, ಎಸಿಯ ಗಾಳಿ ಎದುರಿನ ಬೀರು ಅಥವಾ ಪರದೆಗೆ ಬಡಿದು ನೇರ ವಾಪಸ್ ಬಂದರೆ ಸೆನ್ಸರ್‌ಗೆ ರೂಮೆಲ್ಲ ತಣ್ಣಗಾಗಿದೆ ಅನ್ನಿಸುತ್ತದೆ. ಬೀರು ಸರಿಸಿ, ಇಲ್ಲವೇ ಗಾಳಿಯ ದಿಕ್ಕು ಬದಲಿಸಿ.

ಇನ್ನು ರಿಮೋಟ್. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಕಾರ್ಖಾನೆಯಿಂದಲೇ 24ಕ್ಕೆ ಹೊಂದಿಸಿ ಬರುತ್ತವೆ. ಬೇಸಿಗೆಯಲ್ಲಿ 25 ಅಥವಾ 26ಕ್ಕೆ ಇಟ್ಟು, ಮೇಲಿನ ಸೀಲಿಂಗ್ ಫ್ಯಾನ್ ಹಾಕಿ. ಎಸಿಯ ಫ್ಯಾನ್ ಮಾತ್ರ ಕಡಿಮೆ ವೇಗದಲ್ಲಿ (ಲೋ) ಇರಲಿ. ಗಾಳಿ ನಿಧಾನವಾದರೆ ಕಾಯಿಲ್ ಹೆಚ್ಚು ತಣ್ಣಗಿರುತ್ತದೆ, ನೀರು ಚೆನ್ನಾಗಿ ಹಿಂಡುತ್ತದೆ. ಕಾಯಿಲ್ ಮೇಲೆ ಮಂಜು ಕಟ್ಟಿದರೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ. ಹೊಸ ಇನ್ವರ್ಟರ್ ಎಸಿಗಳಲ್ಲಿ (ಕಂಪ್ರೆಸರ್ ವೇಗವನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವಂಥವು) ಕನ್ವರ್ಟಿಬಲ್ ಅಂತ ಬಟನ್ ಇರುತ್ತದೆ, ಪೂರ್ತಿ ಶಕ್ತಿಯಲ್ಲಿ ಶೇಕಡಾ ಎಷ್ಟು ಅಂತ 80, 60, 40 ತೋರಿಸುತ್ತದೆ. ದೊಡ್ಡ ಎಸಿಯನ್ನು ಚಿಕ್ಕದು ಮಾಡುವ ದಾರಿಯೇ ಅದು, ಎಷ್ಟೋ ಮನೆಗಳಲ್ಲಿ ಅದನ್ನು ಒಮ್ಮೆಯೂ ಒತ್ತಿಲ್ಲ! ರಾತ್ರಿ 40ಕ್ಕೆ ಇಟ್ಟು ನೋಡಿ. ಆ ಬಟನ್ ಇಲ್ಲದಿದ್ದರೆ ಪಕ್ಕದ ಕೋಣೆಯ ಬಾಗಿಲು ತೆರೆದಿಡಿ, ಎಸಿಗೆ ಕೆಲಸ ಹೆಚ್ಚಾಗಿ ಜಾಸ್ತಿ ಹೊತ್ತು ಓಡುತ್ತದೆ. ಹೊರಗಿನ ಕಿಟಕಿ ತೆರೆಯಬೇಡಿ, ಸೆಕೆಯೆಲ್ಲ ಒಳಗೆ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕದ ಲೆಕ್ಕ ಬೇರೆ. ಹೊರಗೇ 25–26 ಡಿಗ್ರಿ ಇರುವಾಗ ಕೂಲ್ ಮೋಡ್‌ನಲ್ಲಿ ಕಂಪ್ರೆಸರ್ ಓಡುವುದೇ ಅಪರೂಪ, ನೀರು ಇಳಿಯುವುದಿಲ್ಲ. ಆಗ ರಿಮೋಟ್‌ನಲ್ಲಿ ತೇವ ತೆಗೆಯಲೆಂದೇ ಇರುವ ಡ್ರೈ ಮೋಡ್ ಹಾಕಿ. ನಮ್ಮ ಮನೆಯಲ್ಲಿ ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು, ಜುಲೈ–ಆಗಸ್ಟ್) ಸಂಜೆ ಎರಡು ಗಂಟೆ ಡ್ರೈ ಮೋಡ್ ಹಾಕುತ್ತೇವೆ, ಬಟ್ಟೆಯ ಕಪಾಟಿನ ಬಾಗಿಲು ತೆರೆದಿಟ್ಟು. ಬೂಷ್ಟು ಮತ್ತೆ ಬಂದಿಲ್ಲ.

ಇನ್ನೂ ಎಸಿ ಕೊಳ್ಳದವರಿಗೆ ಒಂದು ಮಾತು. ಟನ್ ಅಂದರೆ ಯಂತ್ರದ ತೂಕ ಅಲ್ಲ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗಲು ಎಷ್ಟು ಶಾಖ ಬೇಕೋ ಅಷ್ಟನ್ನು ಹೊರಗೆ ಹಾಕುವ ಶಕ್ತಿ, ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ). ಸುಮಾರು 120 ಚದರ ಅಡಿಯ ಕೋಣೆಗೆ 1 ಟನ್ ಸಾಕು. ಮೇಲಿನ ಮಹಡಿ, ಪಶ್ಚಿಮದ ಬಿಸಿಲು ಬೀಳುವ ಗೋಡೆ ಇದ್ದರೆ ಸ್ವಲ್ಪ ಜಾಸ್ತಿ ಬೇಕಾದೀತು. ಇನ್ವರ್ಟರ್ ಆದರೆ ದೊಡ್ಡದಿದ್ದರೂ ನಡೆಯುತ್ತದೆ ಅನ್ನುತ್ತಾರೆ, ಅದು ಅರ್ಧ ಸತ್ಯ. ಅದೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲಾರದು, ಆಮೇಲೆ ಅದೂ ನಿಂತು ಶುರುವಾಗುತ್ತಲೇ ಇರುತ್ತದೆ. ಸುರತ್ಕಲ್, ಪಣಂಬೂರು ಕಡೆ ಕಡಲಿಗೆ ಹತ್ತಿರ ಇರುವವರು ಹೊರಗಿನ ಯೂನಿಟ್‌ಗೆ ಉಪ್ಪು ಗಾಳಿ ತಡೆಯುವ ಲೇಪ ಇದೆಯಾ ಅಂತಲೂ ಕೇಳಿ.

ತೇವ ಅಳೆಯುವ ಸಣ್ಣ ಮೀಟರ್ ಎರಡು ಸಂಘದಲ್ಲಿವೆ. ಒಂದು ವಾರಕ್ಕೆ ಮನೆಗೆ ಒಯ್ಯಬಹುದು. ಮಲಗುವ ಕೋಣೆಯಲ್ಲಿಟ್ಟು ಬೆಳಿಗ್ಗೆ ನೋಡಿ, ತೇವ ಶೇಕಡಾ 60ಕ್ಕಿಂತ ಕೆಳಗಿದ್ದರೆ ಸರಿಯಾಗಿದೆ. 70 ತೋರಿಸುತ್ತಿದ್ದರೆ ನೀವು ಬರೆದುಕೊಂಡ ಸಮಯದ ಚೀಟಿ ತನ್ನಿ, ಕೂತು ನೋಡೋಣ.