ಸ್ಪ್ರಿಂಗ್ ಗಾಳ ಕೈಬಿಟ್ಟ ಮೇಲೆ ಮೀನಿನ ಬಾಯಿ ಉಳಿಯಿತು

ಬೆಂಗಳೂರಿನ ಸುತ್ತಮುತ್ತಲಿನ ಹೊಂಡಗಳಲ್ಲಿ ರೋಹು, ಗೆಂಡೆ ಹಿಡಿದು ವಾಪಸ್ ನೀರಿಗೆ ಬಿಡುವವರಿಗೆ ಇದು. ತೊಂದರೆ ಇದ್ದದ್ದು ಸ್ಪ್ರಿಂಗ್‌ನಲ್ಲಿ, ಅಂದರೆ ಹಿಟ್ಟು ಮೆತ್ತಿ ಹಲವು ಗಾಳ ಕಟ್ಟುವ ತಂತಿಸುರುಳಿಯಲ್ಲಿ. ಹಿಟ್ಟಿನ ಉಂಡೆಗೆ ನಾಲ್ಕು ಗಾಳ ಚುಚ್ಚಿದರೆ ಒಂದು ತುಟಿಗೆ ಸಿಕ್ಕುತ್ತದೆ. ಮೀನು ಒದ್ದಾಡುವಾಗ ಉಳಿದವು ಕಣ್ಣಿಗೋ ಕಿವಿರಿಗೋ ನಾಟುತ್ತವೆ.

ಸರಿಹೋದದ್ದು ಹೀಗೆ. 6ನೇ ನಂಬರಿನ ಗಾಳ, ಒಂದೇ ಒಂದು. ಅದರ ತುದಿಯ ಹಿಂದಿನ ಒಳಮುಳ್ಳನ್ನು ಇಕ್ಕಳದಿಂದ ಅಮುಕಿ ಮಟ್ಟ ಮಾಡಿ. ಹಳೇ ಬನಿಯನ್ ಬಟ್ಟೆಗೆ ಚುಚ್ಚಿ ಎಳೆಯಿರಿ. ನೂಲು ಕಿತ್ತು ಬಂದರೆ ಇನ್ನೊಮ್ಮೆ ಅಮುಕಬೇಕು. ಎರೆಯನ್ನು ಗಾಳಕ್ಕೇ ಮೆತ್ತಬೇಡಿ, ಬಾಗಿನಿಂದ ಸುಮಾರು 1 ಸೆಂ.ಮೀ. ಇಳಿಬಿಟ್ಟ ದಾರಕ್ಕೆ ಪೋಣಿಸಿ. ರಾಗಿ ಹಿಟ್ಟು ಅಲ್ಲಿ ನಿಲ್ಲದು, ನೆನೆಸಿ ಬೇಯಿಸಿದ ಎರಡು ಕಡಲೆಕಾಳು ಸಾಕು. ಗೆಂಡೆ ಎರೆಯನ್ನು ಹೀರಿಕೊಂಡು, ಅನುಮಾನ ಬಂದರೆ ಉಗುಳುತ್ತದೆ. ಉಗುಳುವಾಗ ಬರಿಗಾಳ ತಿರುಗಿ ಕೆಳತುಟಿಗೆ ನಾಟುತ್ತದೆ. ಸೀಸದ ತೂಕ 60 ಗ್ರಾಂ ಇರಲಿ, ಹಗುರವಾದರೆ ಈ ಕಟ್ಟು ಕೆಲಸ ಮಾಡದು. ಲೈನ್ ತುಂಡಾದರೆ ಆ ತೂಕ ಕಳಚಿ ಬೀಳುವಂತಿರಬೇಕು, ಇಲ್ಲದಿದ್ದರೆ ಮೀನು ಅದನ್ನು ಎಳೆದುಕೊಂಡೇ ತಿರುಗುತ್ತದೆ.

ಎರೆಹುಳಕ್ಕಾದರೆ ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿದ ದುಂಡು ಗಾಳ. ಕ್ಯಾಲಿಫೋರ್ನಿಯಾದ ಕೆಲವು ಕಡಲಭಾಗಗಳಲ್ಲಿ ಎರೆ ತೇಲಿಬಿಟ್ಟು ಸಾಲ್ಮನ್ ಹಿಡಿಯುವವರಿಗೆ ಮುಳ್ಳಿಲ್ಲದ ಸರ್ಕಲ್ ಹುಕ್ಕೇ ಕಡ್ಡಾಯ, ಏಕೆಂದರೆ ತೇಲುವ ಎರೆಯನ್ನು ಮೀನು ಆಳಕ್ಕೆ ನುಂಗುತ್ತದೆ. ಈ ಹುಕ್ಕಿನಲ್ಲಿ ಎಲ್ಲರೂ ಎಡವುವುದು ರಾಡ್ ಝಾಡಿಸುವಲ್ಲಿ. ಝಾಡಿಸಿದರೆ ಗಾಳ ಬಾಯಿಂದ ಜಾರಿ ಆಚೆ ಬರುತ್ತದೆ. ಸುಮ್ಮನೆ ರೀಲ್ ಸುತ್ತುತ್ತಾ ಬನ್ನಿ, ಬಾಯಿಯ ಮೂಲೆಯಲ್ಲಿ ತಾನೇ ಕೂರುತ್ತದೆ. ಮುಳ್ಳಿಲ್ಲದ್ದರಿಂದ ಲೈನ್ ಮಾತ್ರ ಒಂದು ಕ್ಷಣವೂ ಸಡಿಲವಾಗಬಾರದು.

ಆದರೂ ಗಂಟಲಿಗೆ ಇಳಿದಿದ್ದರೆ ಕೀಳಲು ಹೋಗಬೇಡಿ. ಗಾಳದ ಹತ್ತಿರವೇ ದಾರ ಕತ್ತರಿಸಿ, ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡಿ.