ಫಾಲಿಂಗ್‌ವಾಟರ್ ನೋಡಲು ಹೋಗುವವರಿಗೆ

ಅಮೆರಿಕದ ಪೆನ್ಸಿಲ್ವೇನಿಯಾ ಕಡೆ ಹೋಗುವವರು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ವಿನ್ಯಾಸ ಮಾಡಿದ, ಜಲಪಾತದ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆಯನ್ನು ಖಂಡಿತ ನೋಡಿ. ಟಿಕೆಟ್ ಮೊದಲೇ ಬುಕ್ ಮಾಡಿ, ಸುಮ್ನೆ ಹೋಗಿ ನಿಲ್ಲಬೇಡಿ. ಒಳಗೆ ಫೋಟೋ ತೆಗೆಯಬಹುದಾ ಅಂತ ಆಗಲೇ ನೋಡಿಕೊಳ್ಳಿ.

ಈ ಮನೆಯ ಆ ಪ್ರಸಿದ್ಧ ಫೋಟೋ ಬರುವುದು ಮನೆಯ ಹತ್ತಿರದಿಂದಲ್ಲ. ಮನೆಯ ಕೆಳಗಿನ ಬೇರ್ ರನ್ ತೊರೆ ಹರಿಯುವ ದಿಕ್ಕಿನಲ್ಲೇ ಕೆಳಗೆ ನಡೆದರೆ ಒಂದು ಜಾಗ ಸಿಗುತ್ತದೆ. ಜಲಪಾತ, ಅದರ ಮೇಲೆ ಚಾಚಿಕೊಂಡ ಕಾಂಕ್ರೀಟ್ ಬಾಲ್ಕನಿಗಳು, ಎಲ್ಲಾ ಒಂದೇ ಚೌಕಟ್ಟಿಗೆ ಬರುತ್ತವೆ. ಬಿಸಿಲು ಜೋರಾಗಿದ್ದರೆ ತಿಳಿ ಬಣ್ಣದ ಕಾಂಕ್ರೀಟ್ ಪೂರ್ತಿ ಬೆಳ್ಳಗಾಗಿ, ಬಂಡೆಗಳು ಕಪ್ಪಾಗಿಬಿಡುತ್ತವೆ. ಹಾಗಾಗಿ ಮೊಬೈಲ್‌ನಲ್ಲಿ ಬಾಲ್ಕನಿಯ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಇಳಿಸಿ. ನನ್ನ ಕೇಳಿದರೆ ಮೋಡ ಕವಿದ ದಿನವೇ ಒಳ್ಳೆಯದು, ಕಲ್ಲಿನ ಗೋಡೆಯ ಒಂದೊಂದು ಪದರವೂ ಕಾಣುತ್ತದೆ. ಬೇಸಿಗೆಯಲ್ಲಿ ಎಲೆಗಳು ಜಾಸ್ತಿ, ಎಲೆ ಉದುರಿದ ಮೇಲೆ ಮನೆ ಚೆನ್ನಾಗಿ ಕಾಣುತ್ತದೆ.

ಒಳಗೆ ಹೋದಾಗ ಮಾತ್ರ ಕ್ಯಾಮೆರಾ ಮರೆತುಬಿಡಿ. ಹಾಲ್‌ನಲ್ಲಿ ಒಲೆಯ ಮುಂದೆ ನೆಲದಿಂದ ಎದ್ದಿರುವ ಬಂಡೆ ನೋಡಿ, ಅದು ಅಲ್ಲೇ ಇದ್ದದ್ದು. ಅಲ್ಲಿಂದಲೇ ಮೆಟ್ಟಿಲು ನೇರ ನೀರಿಗೆ ಇಳಿಯುತ್ತದೆ!

ಕಾಡಿನ ದಾರಿ ಮಳೆಯಲ್ಲಿ ಜಾರುತ್ತದೆ, ಹಿಡಿತ ಇರುವ ಶೂ ಹಾಕಿಕೊಳ್ಳಿ.